ನೆಲದಡಿಯ ಐಬು: ಮನೆ ಕೊಳ್ಳುವಾಗಲೂ ಮಾರುವಾಗಲೂ ಒಳಚರಂಡಿಯನ್ನು ಮರೆಯದಿರೋಣ

ಕಳೆದ ವರ್ಷ ಒಂದು ಜುಮಾದಂದು ನಮ್ಮ ಮೊಹಲ್ಲಾದ ಖತೀಬರು ವ್ಯಾಪಾರದಲ್ಲಿ ಪ್ರಾಮಾಣಿಕತೆ ಎಂಬ ವಿಷಯದ ಮೇಲೆ ಖುತ್ಬಾ ನೀಡಿದರು. ಅದರಲ್ಲಿ ಹಝ್ರತ್ ವಾಸಿಲಾ ಇಬ್ನು ಅಸ್ಕಅ್(ರ) ಅವರ ಘಟನೆ ಬಂತು. ಒಬ್ಬರು ತಮ್ಮ ಹೆಣ್ಣೊಂಟೆಯನ್ನು 300 ದಿರ್ಹಮಿಗೆ ಮಾರಿದರು. ಕೊಂಡವನು ಒಂಟೆಯೊಂದಿಗೆ ಹೊರಟಾಗ ಅಲ್ಲೇ ಇದ್ದ ವಾಸಿಲಾರ ಗಮನ ಬೇರೆಡೆ ಇತ್ತು. ತಿಳಿದೊಡನೆ ಅವನ ಹಿಂದೆ ಓಡಿದರು. ಇದನ್ನು ಮಾಂಸಕ್ಕೆ ಕೊಂಡೆಯೋ ಸವಾರಿಗೋ ಎಂದು ಕೇಳಿದರು. ಸವಾರಿಗೆ ಎಂದಾಗ, ಇದರ ಪಾದದಲ್ಲಿ ತೂತಿದೆ, ಬಹುದೂರ ನಡೆಯಲಾರದು ಎಂದು ತಿಳಿಸಿದರು. ಕೊಂಡವನು ಮರಳಿ ಬಂದ. ಮಾರಿದವನು 100 ದಿರ್ಹಮ್ ಇಳಿಸಬೇಕಾಯಿತು. ನನ್ನ ವ್ಯಾಪಾರ ಕೆಡಿಸಿಬಿಟ್ಟಿರಿ ಎಂದು ಅವನು ಬೇಸರಪಟ್ಟಾಗ ವಾಸಿಲಾ(ರ), ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುತ್ತೇವೆಂದು ನಾವು ಪ್ರವಾದಿವರ್ಯರಿಗೆ(ಸ) ಮಾತು ಕೊಟ್ಟವರು ಎಂಬ ಅರ್ಥದಲ್ಲಿ ಉತ್ತರಿಸಿದರು. ಇಮಾಮ್ ಗಝಾಲಿಯವರು ‘ಇಹ್ಯಾ ಉಲೂಮುದ್ದೀನ್’ನಲ್ಲಿ ಈ ಘಟನೆಯನ್ನು ಹೇಳಿದ್ದಾರೆ.

ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯಲ್ಲಿ ಈ ಮಾತು ಬಂದಾಗ ನಾವೆಲ್ಲ ಸುಮ್ಮನಾದೆವು. ಅಂದು ಸಂಜೆಯೇ ಬ್ರೋಕರ್ ನಮ್ಮ ಮನೆಯನ್ನು ತೋರಿಸಲು ಗಿರಾಕಿಯನ್ನು ಕರೆತರುವವರಿದ್ದರು. ನಮ್ಮ ಮನೆಗೂ ಒಂದು ಐಬಿತ್ತು. ಅದು ನೆಲದಡಿ ಇತ್ತು. ನಾವು ಹೇಳದಿದ್ದರೆ ಮಳೆಗಾಲದವರೆಗೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆ ಐಬು ಏನು, ಅದನ್ನು ಮೊದಲೇ ಕಂಡುಹಿಡಿಯುವುದು ಹೇಗೆ, ಕಂಡರೆ ಏನು ಮಾಡಬೇಕು ಎಂಬುದನ್ನು ಓದುಗರೊಂದಿಗೆ ಹಂಚಿಕೊಳ್ಳುವುದಕ್ಕಾಗಿ ಈ ಲೇಖನ.

ನಾವು ಕಲಿತ ಪಾಠ

ಐದು ವರ್ಷಗಳ ಹಿಂದೆ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ನಾವು 20x30 ನಿವೇಶನದ ಮನೆ ಕೊಂಡೆವು. ಖಾತೆ ನೋಡಿದೆವು, ಋಣಭಾರ ಪ್ರಮಾಣಪತ್ರ ತೆಗೆಸಿದೆವು, ವಕೀಲರಿಗೆ ಪತ್ರಗಳನ್ನು ತೋರಿಸಿದೆವು. ಗೋಡೆಯ ಬಿರುಕು ನೋಡಿದೆವು, ಬೋರ್‌ವೆಲ್ ನೀರು ಕುಡಿದು ನೋಡಿದೆವು. ಚೇಂಬರ್‌ನ ಮುಚ್ಚಳವನ್ನು ಮಾತ್ರ ಎತ್ತಿಸಲಿಲ್ಲ. ಅದರ ಮೇಲೆ ಹೂಕುಂಡಗಳಿದ್ದವು.

ಮೊದಲ ಮಳೆಗಾಲದ ಸೆಪ್ಟೆಂಬರ್‌ನಲ್ಲಿ ರಾತ್ರಿಯೆಲ್ಲ ಮಳೆ ಸುರಿಯಿತು. ಫಜ್ರ್‌ಗೆ ವುಝೂ ಮಾಡಲು ಎದ್ದಾಗ ಕೆಳಗಿನ ಬಚ್ಚಲಿನಲ್ಲಿ ಕೊಳಚೆ ಪಾದ ಮುಳುಗುವಷ್ಟು ನಿಂತಿತ್ತು. ಎರಡು ದಿನಗಳ ಬಳಿಕ ಸಂಪಿನ ನೀರು ವಾಸನೆ ಬರತೊಡಗಿತು. ಮಕ್ಕಳಿಬ್ಬರಿಗೂ ವಾಂತಿಭೇದಿಯಾಯಿತು. ಬಣ್ಣ, ವಾಸನೆ, ರುಚಿ ಇವುಗಳಲ್ಲಿ ಒಂದು ಹೊಲಸಿನಿಂದ ಕೆಟ್ಟರೂ ಆ ನೀರಿನಿಂದ ವುಝೂ ಆಗದೆಂಬುದು ನಮಗೆಲ್ಲ ಗೊತ್ತಿದೆ. ಹೀಗೆ ಒಂದು ಪೈಪಿನ ದೋಷ ಮಕ್ಕಳ ಆರೋಗ್ಯದಿಂದ ನಮಾಝ್‌ವರೆಗೆ ತಲುಪಿತು.

ಕೊಳಚೆ ನೀರು ಹೋಗುವ ದಾರಿ

ಪಾಯಖಾನೆ, ಬಚ್ಚಲು ಮತ್ತು ಅಡುಗೆಮನೆಯ ನೀರು ಪೈಪುಗಳಲ್ಲಿ ಇಳಿದು ಮನೆಯ ಸುತ್ತಲಿನ ಚೇಂಬರ್‌ಗಳಿಗೆ ಬರುತ್ತದೆ. ಪೈಪು ತಿರುಗುವ ಅಥವಾ ಕೂಡುವ ಜಾಗದಲ್ಲಿ ಕಟ್ಟಿದ ಸಣ್ಣ ತೊಟ್ಟಿಯೇ ಚೇಂಬರ್. ಕೊನೆಯ ಚೇಂಬರ್ ಸಾಮಾನ್ಯವಾಗಿ ಗೇಟಿನ ಬಳಿ ಇರುತ್ತದೆ. ಅಲ್ಲಿಂದ ನೀರು ರಸ್ತೆಯಡಿಯ ದೊಡ್ಡ ಲೈನಿಗೆ ಸೇರುತ್ತದೆ. ಬೆಂಗಳೂರಿನಲ್ಲಿ ಈ ಲೈನನ್ನು 1964ರ ಕಾಯ್ದೆಯಂತೆ ಸ್ಥಾಪನೆಯಾದ ಜಲಮಂಡಳಿ ನೋಡಿಕೊಳ್ಳುತ್ತದೆ. ಬೇರೆ ಊರುಗಳಲ್ಲಿ ಸಾಮಾನ್ಯವಾಗಿ ನಗರಸಭೆ ಅಥವಾ ಪಾಲಿಕೆ ನೋಡಿಕೊಳ್ಳುತ್ತದೆ.

ಮನೆಯೊಳಗಿನ ಈ ದಾರಿಯಲ್ಲಿ ಎಲ್ಲೂ ಮೋಟಾರ್ ಇಲ್ಲ. ಇಳಿಜಾರೇ ನೀರನ್ನು ಒಯ್ಯಬೇಕು. 4 ಇಂಚಿನ ಪೈಪಿಗೆ ಸುಮಾರು 60 ಅಡಿಗೆ 1 ಅಡಿ, 6 ಇಂಚಿನ ಪೈಪಿಗೆ ಸುಮಾರು 100 ಅಡಿಗೆ 1 ಅಡಿ ಇಳಿಜಾರು ಬೇಕು. ಇದು ತಪ್ಪಿದರೆ ನೀರು ಹರಿದುಹೋಗಿ ಹೊಲಸು ಪೈಪಿನಲ್ಲೇ ಉಳಿಯುತ್ತದೆ.

ನಮ್ಮ ಮನೆಯಲ್ಲಿ ಮೂರು ತೊಂದರೆಗಳು ಒಟ್ಟಿಗೆ ಸೇರಿದ್ದವು. ಹಳೆಯ ಮನೆಗಳಲ್ಲಿ ಇವೇ ಹೆಚ್ಚಾಗಿ ಕಾಣುತ್ತವೆ.

ಮೊದಲನೆಯದು, ಹಳೆಯ ಪೈಪು. ಹಿಂದೆ ಸುಟ್ಟ ಮಣ್ಣಿನ ಸ್ಟೋನ್‌ವೇರ್ ಪೈಪುಗಳನ್ನು ಸಿಮೆಂಟಿನಿಂದ ಜೋಡಿಸಿ ಹೂಳುತ್ತಿದ್ದರು. ನೆಲ ಸ್ವಲ್ಪ ಕುಸಿದರೂ ಜೋಡಣೆ ಬಿರುಕು ಬಿಡುತ್ತದೆ. ಮರದ ಬೇರುಗಳು ತೇವ ಹುಡುಕಿಕೊಂಡು ಆ ಬಿರುಕಿನಲ್ಲಿ ನುಗ್ಗುತ್ತವೆ. ಕೊಳಚೆ ಮಣ್ಣಿಗೆ ಇಳಿಯುತ್ತದೆ. ಸಣ್ಣ ನಿವೇಶನಗಳಲ್ಲಿ ಕುಡಿಯುವ ನೀರಿನ ಸಂಪೂ ಚೇಂಬರ್ ಕೂಡ ಗೇಟಿನ ಹತ್ತಿರವೇ ಇರುತ್ತವೆ. ನಮ್ಮಲ್ಲಿ ಎರಡರ ನಡುವೆ 4 ಅಡಿ ಅಂತರವಿತ್ತು. ಸಂಪಿನ ಗೋಡೆಯಲ್ಲೂ ಬಿರುಕಿದ್ದು, ಒಳಗೆ ನೀರು ಕಡಿಮೆಯಾದಾಗ ಹೊರಗಿನ ಕೊಳಚೆ ಒಳಕ್ಕೆ ಜಿನುಗುತ್ತದೆ.

ಎರಡನೆಯದು, ಮಟ್ಟ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಅದು ಎತ್ತರವಾಗುತ್ತಾ ಹೋಗುತ್ತದೆ. ಮನೆ ಇದ್ದಲ್ಲೇ ಇರುತ್ತದೆ. ಕೊನೆಗೆ ಬಚ್ಚಲಿನ ನೆಲ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ಕೆಳಗಾಗುತ್ತದೆ. ರಸ್ತೆಯ ಲೈನು ತುಂಬಿದಾಗ ಕೊಳಚೆ ಮ್ಯಾನ್‌ಹೋಲ್‌ನಿಂದ ಉಕ್ಕುವ ಮೊದಲೇ ನಮ್ಮ ಬಚ್ಚಲಿನಲ್ಲಿ ಉಕ್ಕುತ್ತದೆ.

ಮೂರನೆಯದು, ಮಳೆನೀರು. ಹಿಂದಿನವರು ತಾರಸಿಯ ಮಳೆನೀರಿನ ಪೈಪನ್ನು ಕೊಳಚೆ ಚೇಂಬರ್‌ಗೇ ಇಳಿಸಿದ್ದರು. ಇದಕ್ಕೆ ಅನುಮತಿಯಿಲ್ಲ. ಮಳೆನೀರಿಗೆ ಬೇರೆ ಚರಂಡಿ, ಕೊಳಚೆಗೆ ಬೇರೆ ಲೈನು. ಬೀದಿಯಲ್ಲಿ ಹತ್ತು ಮನೆಯವರು ಹೀಗೆ ಮಾಡಿದರೆ ದೊಡ್ಡ ಮಳೆಗೆ ರಸ್ತೆಯ ಲೈನು ತುಂಬಿ, ತಗ್ಗಿನಲ್ಲಿರುವ ಮನೆಗೆ ಎಲ್ಲರ ಹೊಲಸೂ ಬರುತ್ತದೆ. ಸ್ವತಃ ಹಾನಿ ಅನುಭವಿಸಬಾರದು, ಇತರರಿಗೆ ಹಾನಿ ಮಾಡಲೂಬಾರದು ಎಂಬ ಪ್ರವಾದಿವಚನದ ತತ್ವ ಈ ಪೈಪಿಗೂ ಅನ್ವಯಿಸುತ್ತದೆ.

ಮುಂಗಡ ಕೊಡುವ ಮೊದಲು ನೋಡಬೇಕಾದದ್ದು

ಒಬ್ಬ ಅನುಭವಿ ಪ್ಲಂಬರನ್ನು ಕರೆದುಕೊಂಡು ಅರ್ಧ ದಿನ ಮೀಸಲಿಟ್ಟರೆ ಸಾಕು. ಮನೆಯ ಬೆಲೆಗೆ ಹೋಲಿಸಿದರೆ ಅವರ ಕೂಲಿ ಏನೇನೂ ಅಲ್ಲ.

1. ಎಲ್ಲ ಚೇಂಬರ್‌ಗಳ ಮುಚ್ಚಳ ತೆರೆಸಿ. ಹೂಕುಂಡ, ಟೈಲ್ಸ್, ಸಿಮೆಂಟು ಮುಚ್ಚಿದ್ದರೆ ತೆಗೆಸಲು ವಿನಯದಿಂದ ಕೇಳಿ. ತಳದಲ್ಲಿ ನೀರು ನಿಂತಿದ್ದರೆ ಮುಂದೆ ಕಟ್ಟಿಕೊಂಡಿದೆ ಅಥವಾ ಇಳಿಜಾರಿಲ್ಲ ಎಂದರ್ಥ. ಈಗ ಒಣಗಿದ್ದರೂ ಗೋಡೆಯ ಮೇಲ್ಭಾಗದವರೆಗೆ ಕಪ್ಪು ಗೆರೆಯಿದ್ದರೆ ಅಷ್ಟು ಎತ್ತರಕ್ಕೆ ಹಿಂದೆ ಕೊಳಚೆ ಏರಿತ್ತೆಂದು ತಿಳಿಯಿರಿ.

2. ನೀರು ಬಿಟ್ಟು ನೋಡಿ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಹದಿನೈದು ನಿಮಿಷ ಬಿಡಿ. ಮೇಲಿನ ಮಹಡಿಯ ಫ್ಲಶ್ ಒತ್ತಿ. ಆಗ ಕೆಳಗಿನ ಕಮೋಡಿನಲ್ಲಿ ಗುಳುಗುಳು ಸದ್ದು ಬಂದರೆ, ನೀರು ಮೇಲೆದ್ದರೆ ಅಥವಾ ಬಚ್ಚಲಿನ ಜಾಲರಿಯಿಂದ ನೀರು ಉಕ್ಕಿದರೆ ಲೈನಿನಲ್ಲಿ ತಡೆಯಿದೆ.

3. ಬಟ್ಟೆಗೆ ಹಾಕುವ ನೀಲಿಯನ್ನು ಕಮೋಡಿಗೆ ಸುರಿದು ಕೊನೆಯ ಚೇಂಬರ್ ನೋಡುತ್ತಿರಿ. ನೀಲಿ ನೀರು ಬಂದರೆ ದಾರಿ ಸರಿಯಿದೆ. ಬಾರದಿದ್ದರೆ ಅದು ಬೇರೆಲ್ಲಿಗೋ ಹೋಗುತ್ತಿದೆ. ಮನೆಯ ಕೊಳಚೆಯನ್ನು ನೇರವಾಗಿ ರಾಜಕಾಲುವೆಗೋ ಪಕ್ಕದ ತೆರೆದ ಮೋರಿಗೋ ಬಿಟ್ಟಿರುವುದೂ ಉಂಟು.

4. ಮಟ್ಟ ಅಳೆಯಿರಿ. ಮೇಸ್ತ್ರಿಗಳ ಬಳಿ ಇರುವ ಪಾರದರ್ಶಕ ನೀರಿನ ಟ್ಯೂಬಿನಿಂದಲೇ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಎತ್ತರವೋ ಬಚ್ಚಲಿನ ನೆಲ ಎತ್ತರವೋ ಎಂದು ತಿಳಿಯಬಹುದು. ಬಚ್ಚಲು ತಗ್ಗಿನಲ್ಲಿದ್ದರೆ ಎಚ್ಚರ.

5. ಸಂಪು ನೋಡಿ. ಚೇಂಬರ್‌ನಿಂದ ಎಷ್ಟು ದೂರವಿದೆ, ಒಳಗೋಡೆಯಲ್ಲಿ ಬಿರುಕು ಅಥವಾ ಜಿನುಗಿದ ಕಲೆ ಇದೆಯೇ ಎಂದು ಪರೀಕ್ಷಿಸಿ. ಸಂಪು ಮತ್ತು ಬೋರ್‌ವೆಲ್‌ನ ನೀರನ್ನು ಪ್ರಯೋಗಾಲಯಕ್ಕೆ ಕೊಡಿ. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಸಣ್ಣ ಸೀಸೆಗಳೂ ಸಿಗುತ್ತವೆ. ಅದರಲ್ಲಿ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಹೊಲಸು ಸೇರಿರುವ ಸಂಭವವಿದೆ. ನೋಡಲು ತಿಳಿಯಾದ ನೀರಿನಿಂದಲೂ ಟೈಫಾಯ್ಡ್, ಕಾಮಾಲೆ ಬರಬಹುದು.

6. ಮಳೆನೀರಿನ ಪೈಪು ಎಲ್ಲಿಗೆ ಇಳಿಯುತ್ತದೆ ನೋಡಿ. ತಾರಸಿಯಲ್ಲಿ ಒಂದು ಬಕೆಟ್ ನೀರು ಸುರಿದರೆ ಗೊತ್ತಾಗುತ್ತದೆ.

7. ಮಳೆ ಬರುವಾಗ ಒಮ್ಮೆ ಹೋಗಿ. ಬೀದಿಯ ಕಿರಾಣಿ ಅಂಗಡಿಯವರನ್ನು, ಎದುರುಮನೆಯವರನ್ನು ವಿಚಾರಿಸಿ. “ಮಳೆ ಬಂದಾಗ ಈ ಬೀದಿಯಲ್ಲಿ ಮ್ಯಾನ್‌ಹೋಲ್ ಉಕ್ಕುತ್ತದೆಯೇ?” ಎಂಬ ಒಂದೇ ಪ್ರಶ್ನೆ ಸಾಕು.

ಸಂಶಯ ಹಾಗೆಯೇ ಉಳಿದರೆ ಪೈಪಿನೊಳಗೆ ಸಣ್ಣ ಕ್ಯಾಮರಾ ಇಳಿಸಿ ನೋಡುವವರು ದೊಡ್ಡ ನಗರಗಳಲ್ಲಿ ಸಿಗುತ್ತಾರೆ. ನೆಲ ಅಗೆಯದೆಯೇ ಬಿರುಕು, ಬೇರು, ಕುಸಿತ ಎಲ್ಲವೂ ಕಾಣುತ್ತವೆ.

ಒಳಚರಂಡಿಯೇ ಇಲ್ಲದ ಕಡೆ

ಊರ ಹೊರಗಿನ ಹೊಸ ಬಡಾವಣೆಗಳಲ್ಲಿ, ಸಣ್ಣ ಪಟ್ಟಣಗಳಲ್ಲಿ ಮನೆಗೆ ಪಿಟ್ ಅಥವಾ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಅದು ಎಲ್ಲಿದೆ, ಎಷ್ಟು ದೊಡ್ಡದು, ಕೊನೆಯ ಬಾರಿ ಯಾವಾಗ ಖಾಲಿ ಮಾಡಿಸಿದರು ಎಂದು ಕೇಳಿ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ತಿಂಗಳಿಗೊಮ್ಮೆ ತುಂಬುತ್ತದೆ ಎಂದರೆ ನೆಲ ನೀರು ಹೀರುತ್ತಿಲ್ಲ. ಹೀರುಗುಂಡಿ ಬಾವಿ ಅಥವಾ ಬೋರ್‌ವೆಲ್‌ನಿಂದ ಕನಿಷ್ಠ 50-60 ಅಡಿ ದೂರ ಇರಬೇಕು. ಪಕ್ಕದ ಮನೆಯವರ ಬಾವಿಯನ್ನೂ ಈ ಲೆಕ್ಕದಲ್ಲಿ ಸೇರಿಸಿ. “ಮುಂದಿನ ವರ್ಷ ಯುಜಿಡಿ ಬರುತ್ತದೆ” ಎಂಬ ಮಾತನ್ನು ನಂಬಿ ಹೆಚ್ಚು ಬೆಲೆ ಕೊಡಬೇಡಿ. ಇಂದು ಏನಿದೆಯೋ ಅದಕ್ಕೆ ಮಾತ್ರ ಬೆಲೆ.

ಕಾಗದಪತ್ರ ಮತ್ತು ಕಾನೂನು

ಒಳಚರಂಡಿ ಸಂಪರ್ಕ ಮಂಜೂರಾದ ಪತ್ರ ಕೇಳಿ. ಬೆಂಗಳೂರಿನಲ್ಲಾದರೆ ಜಲಮಂಡಳಿಯ ಬಿಲ್ಲಿನಲ್ಲಿ ಸ್ಯಾನಿಟರಿ ಶುಲ್ಕ ಬರುತ್ತಿದೆಯೇ, ಹಳೆಯ ಬಾಕಿ ಇದೆಯೇ ನೋಡಿ. ಅನುಮತಿಯಿಲ್ಲದೆ ರಾತ್ರೋರಾತ್ರಿ ಜೋಡಿಸಿದ ಲೈನಾಗಿದ್ದರೆ ಅದನ್ನು ಸಕ್ರಮ ಮಾಡಿಸುವ ಖರ್ಚು ನಾಳೆ ನಮ್ಮ ತಲೆಗೆ ಬರುತ್ತದೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಜಾಗಗಳಲ್ಲಿ ಒಬ್ಬರ ಲೈನು ಇನ್ನೊಬ್ಬರ ಅಂಗಳದ ಅಡಿಯಲ್ಲಿ ಹೋಗಿರುತ್ತದೆ. ಮಾರಾಟದ ನಂತರ ಅವರು ಮುಚ್ಚಿಸಿದರೆ ಜಗಳ ಕೋರ್ಟಿಗೆ ಹೋಗುತ್ತದೆ. ಆ ಹಕ್ಕನ್ನು ಬರವಣಿಗೆಯಲ್ಲಿ ಪಡೆದು ನೋಂದಣಿ ಮಾಡಿಸುವ ಬಗ್ಗೆ ವಕೀಲರನ್ನು ಮೊದಲೇ ಕೇಳಿ.

ಕಂಡದ್ದನ್ನೆಲ್ಲ ಮಾರಾಟ ಕರಾರಿನಲ್ಲಿ ಬರೆಸಿ. ಯಾವ ದುರಸ್ತಿಯನ್ನು ಯಾರು, ಯಾವ ದಿನದೊಳಗೆ ಮಾಡಿಸಬೇಕು, ಮಾಡಿಸದಿದ್ದರೆ ಬೆಲೆಯಲ್ಲಿ ಎಷ್ಟು ಕಡಿತ ಎಂಬುದು ಸ್ಪಷ್ಟವಿರಲಿ. ಪರಸ್ಪರ ನಂಬಿಕೆಯಿದ್ದರೂ ವ್ಯವಹಾರವನ್ನು ಬರೆದಿಡುವುದು ನಮಗೆ ಕಲಿಸಿದ ಶಿಸ್ತು.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಪ್ರಕರಣದಂತೆ, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ತಿಳಿಸದಿರುವುದನ್ನು ಆ ಕಾಯ್ದೆ ವಂಚನೆ ಎಂದೇ ಕರೆಯುತ್ತದೆ. ಆದರೆ ‘ಸಾಮಾನ್ಯ ಎಚ್ಚರಿಕೆ’ ಎಂಬ ಮಾತನ್ನು ಗಮನಿಸಿ. ಮುಚ್ಚಳ ಎತ್ತಿಸಿ ನೋಡುವುದು ಕೊಳ್ಳುವವನ ಹೊಣೆ. ನಾವು ಐದು ವರ್ಷಗಳ ಹಿಂದೆ ತಪ್ಪಿದ್ದು ಅಲ್ಲೇ.

ದೋಷ ಕಂಡರೆ

ದೋಷ ಕಂಡ ಮಾತ್ರಕ್ಕೆ ಮನೆ ಬಿಡಬೇಕಾಗಿಲ್ಲ. ಹೆಚ್ಚಿನವು ದುರಸ್ತಿಯಾಗುವಂಥವು. ಗೇಟಿನೊಳಗಿನ ಲೈನು ಮನೆಯವರ ಜವಾಬ್ದಾರಿ. ರಸ್ತೆಯ ಮುಖ್ಯ ಲೈನು ಕಟ್ಟಿಕೊಂಡರೆ ಜಲಮಂಡಳಿಗೆ ಅಥವಾ ಪಾಲಿಕೆಗೆ ದೂರು ಕೊಡಬೇಕು. ಜಲಮಂಡಳಿಯ ಸಹಾಯವಾಣಿ 1916. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ನಾವು ಮಾಡಿಸಿದ್ದು ಇಷ್ಟು: ತಾರಸಿಯ ಮಳೆನೀರನ್ನು ಬೇರ್ಪಡಿಸಿದೆವು. ಗೇಟಿನವರೆಗೆ 6 ಇಂಚಿನ ಪಿವಿಸಿ ಪೈಪು ಹಾಕಿಸಿದೆವು. ಸಂಪನ್ನು ಖಾಲಿ ಮಾಡಿ ಉಜ್ಜಿ ತೊಳೆದು, ಬಿರುಕು ಮುಚ್ಚಿಸಿ, ಬ್ಲೀಚಿಂಗ್ ಪುಡಿಯಿಂದ ಶುದ್ಧಗೊಳಿಸಿದೆವು. ಬಚ್ಚಲಿನ ನೆಲವನ್ನು ಅರ್ಧ ಅಡಿ ಎತ್ತರಿಸಿದೆವು. ಕೊನೆಯ ಚೇಂಬರ್‌ನಲ್ಲಿ ನಾನ್-ರಿಟರ್ನ್ ವಾಲ್ವ್ ಕೂರಿಸಿದೆವು. ಇದು ಒಂದೇ ಕಡೆಗೆ ತೆರೆಯುವ ಬಾಗಿಲು. ಮನೆಯ ನೀರು ಹೊರಹೋಗುತ್ತದೆ, ರಸ್ತೆಯ ಕೊಳಚೆ ಒಳಬರುವುದಿಲ್ಲ. ಆದರೆ ಇದಕ್ಕೂ ಮಿತಿಯಿದೆ. ರಸ್ತೆಯ ಲೈನು ತುಂಬಿ ವಾಲ್ವ್ ಮುಚ್ಚಿಕೊಂಡಾಗ ಮನೆಯ ನೀರೂ ಹೊರಹೋಗದು. ಜೋರು ಮಳೆಯಲ್ಲಿ ಒಂದೆರಡು ಗಂಟೆ ನೀರಿನ ಬಳಕೆ ನಿಲ್ಲಿಸಬೇಕಾಗುತ್ತದೆ. ಕಸ ಸಿಕ್ಕಿಕೊಳ್ಳುವುದರಿಂದ ಪ್ರತಿ ಮಳೆಗಾಲದ ಮೊದಲು ತೆಗೆದು ತೊಳೆಯಬೇಕು. ಗೇಟಿನಾಚೆ ರಸ್ತೆಯಡಿಯ ಹಳೆಯ ಪೈಪು ಹಾಗೆಯೇ ಉಳಿಯಿತು. ರಸ್ತೆ ಅಗೆಯಲು ಬೇಕಾದ ಅನುಮತಿ ನಮಗೆ ಸಿಕ್ಕಿರಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಟ್ಟಿಕೊಂಡ ಪಿಟ್ಟಿಗಾಗಲಿ, ಮ್ಯಾನ್‌ಹೋಲಿಗಾಗಲಿ ಯಾರನ್ನೂ ಇಳಿಸಬೇಡಿ. ಒಳಗಿನ ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ರಕ್ಷಿಸಲು ಇಳಿದವರೂ ಸಾಯುತ್ತಾರೆ. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಕೆಲಸ ಮಾಡಿಸುವುದು 2013ರ ಕಾಯ್ದೆಯಂತೆ ಅಪರಾಧ. ಮೊದಲ ಸಲಕ್ಕೇ 2 ವರ್ಷಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಒಳಚರಂಡಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಜೆಟ್ಟಿಂಗ್ ಯಂತ್ರ, ಸಕ್ಕಿಂಗ್ ಗಾಡಿ ಕರೆಸಿ. ಕಾಯ್ದೆಯ ಭಯಕ್ಕಿಂತ ಮೊದಲು, ನಮ್ಮ ಹೊಲಸಿಗಾಗಿ ಇನ್ನೊಬ್ಬರ ಮಗನನ್ನು ಗುಂಡಿಗೆ ಇಳಿಸುವ ಹಕ್ಕು ನಮಗಿಲ್ಲ ಎಂಬುದು ನೆನಪಿರಲಿ.

ಮಾರುವವರ ಹೊಣೆ

ಕನ್ನಡದ ‘ಐಬು’ ಎಂಬ ಪದ ಅರಬಿಯ ‘ಐಬ್’ನಿಂದಲೇ ಬಂದದ್ದು. ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ‘ಖಿಯಾರುಲ್ ಐಬ್’ ಎಂಬ ನಿಯಮವಿದೆ. ಮಾರಾಟಕ್ಕೆ ಮೊದಲೇ ಇದ್ದ ಐಬು ಕೊಂಡ ನಂತರ ಬೆಳಕಿಗೆ ಬಂದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ಸತ್ಯ ಹೇಳಿ ದೋಷವನ್ನು ತೆರೆದಿಟ್ಟರೆ ಆ ವ್ಯಾಪಾರದಲ್ಲಿ ಬರ್ಕತ್ ಉಂಟು, ಮುಚ್ಚಿಟ್ಟರೆ ಬರ್ಕತ್ ಅಳಿಸಿಹೋಗುತ್ತದೆ ಎಂಬ ಆಶಯದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಪ್ರವಾದಿವರ್ಯರು(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ ತೇವವನ್ನು ಕಂಡು, ನೆನೆದ ಕಾಳನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಪ್ರಶ್ನಿಸಿದ್ದು ನಮಗೆಲ್ಲ ತಿಳಿದ ಘಟನೆ. ಚೇಂಬರ್ ಮೇಲಿನ ಹೂಕುಂಡವೂ ಒಣಗಿದ ಮೇಲ್ಕಾಳಿನಂತೆಯೇ.

ಈ ಹೊಣೆ ಮಾರುವವರಿಗಷ್ಟೇ ಸೀಮಿತವಲ್ಲ. ವಾಸಿಲಾ(ರ) ಒಂಟೆಯ ಮಾಲೀಕರಾಗಿರಲಿಲ್ಲ, ಕೇವಲ ನೋಡಿದವರು. ಬ್ರೋಕರ್, ಮೇಸ್ತ್ರಿ, ಪ್ಲಂಬರ್, ನೆರೆಮನೆಯವರು, ಗೊತ್ತಿರುವ ಎಲ್ಲರೂ ಕೇಳಿದವರಿಗೆ ನಿಜ ಹೇಳಬೇಕು. ಕೊಳ್ಳುವವರು ಯಾವ ಧರ್ಮದವರು ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಕೊಳಚೆ ಅದನ್ನು ಕೇಳಿ ಮನೆಗೆ ನುಗ್ಗುವುದಿಲ್ಲ.

ಆ ಸಂಜೆ ಬ್ರೋಕರ್ ನಮ್ಮನ್ನು ಪಕ್ಕಕ್ಕೆ ಕರೆದು, “ಭಾಯ್, ಇದನ್ನೆಲ್ಲ ಹೇಳೋಕೆ ಹೋಗಬೇಡಿ. ಕೆಲಸ ಮಾಡಿಸಿದ್ದೀರಲ್ಲ, ಸಾಕು” ಎಂದರು. ನಾವು ಹೂಕುಂಡ ಸರಿಸಿ ಮುಚ್ಚಳ ತೆರೆದು ತೋರಿಸಿದೆವು. ವಾಲ್ವ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಹೇಳಿದೆವು. ರಸ್ತೆಯಡಿ ಹಳೆಯ ಪೈಪು ಉಳಿದಿರುವುದನ್ನೂ ತಿಳಿಸಿದೆವು. ಬಂದವರು ನಯವಾಗಿ ವಂದಿಸಿ ಹೋದರು, ಮತ್ತೆ ಬರಲಿಲ್ಲ. ಮನೆ ಇನ್ನೂ ಮೂರು ತಿಂಗಳು ಮಾರಾಟವಾಗಲಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಮನಸ್ಸು ಡೋಲಾಯಮಾನವಾಗಲಿಲ್ಲ ಎಂದರೆ ಸುಳ್ಳಾದೀತು. ಕೊನೆಗೆ ಬಂದವರು ಎಲ್ಲವನ್ನೂ ಕೇಳಿ, ತಮ್ಮ ಪ್ಲಂಬರ್‌ಗೆ ತೋರಿಸಿ, ಒಂದೂವರೆ ಲಕ್ಷ ಕಡಿಮೆಗೆ ಕೊಂಡರು. ದೋಷಗಳ ಪಟ್ಟಿಯನ್ನು ಕರಾರಿನಲ್ಲೇ ಬರೆಸಿದೆವು.

ಈ ವರ್ಷ ಮೊದಲ ದೊಡ್ಡ ಮಳೆಯ ರಾತ್ರಿ ನಮಗೆ ಆ ಮನೆಯ ನೆನಪಾಯಿತು. ಬೆಳಿಗ್ಗೆ ಫೋನ್ ಮಾಡಿ ವಿಚಾರಿಸಿದೆವು. “ನೀವು ಹೇಳಿದ ಹಾಗೆ ಎರಡು ಗಂಟೆ ನಲ್ಲಿ ಬಂದ್ ಮಾಡಿದ್ವಿ, ಏನೂ ತೊಂದರೆ ಆಗಲಿಲ್ಲ” ಎಂದರು.

ಕೊಳ್ಳುವಾಗ ಕಣ್ತೆರೆದು ನೋಡುವ ಜಾಣ್ಮೆಯನ್ನೂ, ಮಾರುವಾಗ ಬಾಯ್ತೆರೆದು ಹೇಳುವ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.